ಅಕ್ಕನ ಹಿಂದೆ ಫ್ಯಾನ್ ತಿರುಗುತ್ತಿದೆ

೧
ಎಲ್ಲಿಂದ ಶುರು ಮಾಡಲಿ? ಗುಡ್ಡದ ಮೇಲಿನ ಪಂಪ್‌ಹೌಸಿನಿಂದ ಶುರು ಮಾಡಿದರೆ ನೀವು ಇದನ್ನು ನೀರಿನ ಕಥೆ ಅಂದುಕೊಳ್ಳುತ್ತೀರಿ. ಅಕ್ಕನಿಂದ ಶುರು ಮಾಡಿದರೆ ಕರ್ಚೀಫು ಹುಡುಕುತ್ತೀರಿ. ಇದು ಇಂಟರ್‌ನೆಟ್ಟಿನ ಕಥೆ. (ಪುಟ ತಿರುಗಿಸಬೇಡಿ. ನನಗೂ ಈ ವಿಷಯ ಅಂಥ ಇಷ್ಟವೇನಲ್ಲ.)

ಪಂಪ್‌ಹೌಸಿನಲ್ಲಿ ಒಬ್ಬನೇ ಇರುವವನನ್ನು ಕೆಳಗಿನ ಊರಿನವರು ವಾಲ್ವಣ್ಣ ಅಂತ ಕರೆಯುತ್ತಾರೆ. ಬೆಳಿಗ್ಗೆ ವಾಲ್ವ್ ತಿರುಗಿಸಿ ಮನೆಮನೆಗೆ ನೀರು ಬಿಡುವುದು ಅವನ ಕೆಲಸ. ಕೊನೆಯ ಮನೆಗೆ ನೀರು ಏರದಿದ್ದರೆ ಬೈಸಿಕೊಳ್ಳುವುದೂ ಅವನ ಕೆಲಸವೇ.

೨
ಅವನ ಅಕ್ಕ ದೂರದ ಪಟ್ಟಣದಲ್ಲಿ ಮಗಳ ಮನೆಯಲ್ಲಿದ್ದಾಳೆ. ಹುಟ್ಟಿನಿಂದ ಕಿವಿ ಕೇಳಿಸದು, ಮಾತು ಬಾರದು, ಓದು ಬರಹ ಯಾರೂ ಕಲಿಸಲಿಲ್ಲ. ಆದರೆ ಅಮ್ಮ, ಅಕ್ಕ, ತಮ್ಮ ಮೂವರೂ ಅಡುಗೆಮನೆಯಲ್ಲಿ ಕೂತು ಕೈಯಲ್ಲೇ ಒಂದು ಭಾಷೆ ಕಟ್ಟಿಕೊಂಡಿದ್ದರು. ಯಾವ ಶಾಲೆಯಲ್ಲೂ ಸಿಗದ ಭಾಷೆ. ಅಮ್ಮ ಹೋದ ಮೇಲೆ ಅದನ್ನು ಬಲ್ಲವರು ಇಬ್ಬರೇ. ತಂದೆಯ ಕಡೆಯವರ ಮನೆಯಲ್ಲಿ ಬೆಳೆದ ಮಗಳಿಗೆ ಊಟ, ನಿದ್ದೆ, ಮಾತ್ರೆ, ಈ ಮೂರು ಸನ್ನೆ ಬಂದರೆ ಹೆಚ್ಚು.

ಅಂದರೆ ಅಕ್ಕ ಬಾಯ್ತುಂಬ (ಕ್ಷಮಿಸಿ, ಕೈತುಂಬ) ಮಾತಾಡಬೇಕಾದರೆ ಲೋಕದಲ್ಲಿ ಇರುವವನು ತಮ್ಮ ಒಬ್ಬನೇ.

೩
(ಇದು ಮೂರನೇ ಡ್ರಾಫ್ಟ್. ಮೊದಲೆರಡರಲ್ಲಿ ವಾಲ್ವಣ್ಣನಿಗೂ ಕಸ್ಟಮರ್ ಕೇರಿನವಳಿಗೂ ಪ್ರೀತಿ ಹುಟ್ಟಿಸಿದ್ದೆ. "ಸಾರ್, ನಂಗೆ ಐವತ್ತೆಂಟು, ಮಂಡಿನೋವು ಬೇರೆ. ಅದನ್ನ ತೆಗೀರಿ" ಅಂದ. ತೆಗೆದೆ.)

ಮೊಬೈಲಿನ ನೆಟ್ಟಿನಲ್ಲಿ ವಿಡಿಯೋ ಕಾಲ್ ಮಾಡಿದರೆ ಅಕ್ಕನ ಕೈ ಅರ್ಧ ಮಾತಿಗೇ ನಿಂತುಬಿಡುತ್ತಿತ್ತು. ಕಸ್ಟಮರ್ ಕೇರಿಗೆ ಫೋನ್ ಮಾಡಿದ.

"ವಾಯ್ಸ್ ಕ್ಲಿಯರ್ ಇದೆಯಲ್ಲ ಸರ್?"

"ವಾಯ್ಸ್ ತಗೊಂಡು ನಾನೇನಮ್ಮ ಮಾಡ್ಲಿ?"

ಆಕೆ ಕಂಪ್ಲೇಂಟ್ ಬಗೆಹರಿದಿದೆ ಎಂದು ಬರೆದುಕೊಂಡಳು.

ದೂರದ ಟವರಿನಿಂದ ನೆಟ್ ಹಿಡಿಯುವ ಡಿಶ್ ಹಾಕಿಸಿದ. ಟವರಿಗೂ ಡಿಶ್ಶಿಗೂ ನಡುವೆ ಅವನದೇ ನೀರಿನ ಟ್ಯಾಂಕು ಅಡ್ಡ ನಿಂತಿತ್ತು. ಟ್ಯಾಂಕು ಕೆಡವೋಣವೇ ಅಂತ ಕೇಳಿದೆ. ಕೆಕ್ಕರಿಸಿ ನೋಡಿದ.

ಹೀಗೇ ಐದು ವರ್ಷ. ಅಕ್ಕನೇ ಒಂದು ಉಪಾಯ ಕಂಡುಕೊಂಡಳು: ಒಂದು ಸನ್ನೆ ಮಾಡಿ, ಅದು ತಮ್ಮನಿಗೆ ತಲುಪುವವರೆಗೆ ಕೈಯನ್ನು ಹಾಗೇ ಹಿಡಿದಿರುತ್ತಿದ್ದಳು. ಕೈ ನಿಂತದ್ದು ಅಕ್ಕನಿಂದಲೋ ನೆಟ್ಟಿನಿಂದಲೋ ತಿಳಿಯಲು ಇವನು ಅವಳ ಹಿಂದಿನ ಫ್ಯಾನ್ ನೋಡುತ್ತಿದ್ದ. ಫ್ಯಾನ್ ತಿರುಗುತ್ತಿದ್ದರೆ ಅಕ್ಕ ಕಾಯುತ್ತಿದ್ದಾಳೆ. ಫ್ಯಾನೂ ನಿಂತಿದ್ದರೆ ನೆಟ್ ಹೋಗಿದೆ. ನೆಟ್ ಹೋಯಿತು ಅನ್ನುವುದಕ್ಕೂ ಹೊಸ ಸನ್ನೆ ಮಾಡಿಕೊಂಡರು: ಮುಷ್ಟಿಯ ಮೇಲೆ ಮುಷ್ಟಿ.

ಹಿಡಿದು ನಿಲ್ಲಿಸಲು ಬರುವ ಮಾತುಗಳಷ್ಟೇ ಉಳಿದವು. ಊಟ ಆಯ್ತಾ, ಜ್ವರ ಇದೆಯಾ, ಚಳಿನಾ. ತಮಾಷೆ, ಚಾಡಿ, ಅಮ್ಮನ ವಿಷಯ, ಇಂಥ ಓಡಾಡುವ ಮಾತುಗಳನ್ನು ಇಬ್ಬರೂ ಬಿಟ್ಟುಬಿಟ್ಟರು.

೫
(ನಾಲ್ಕನ್ನು ಹರಿದು ಹಾಕಿದ್ದೇನೆ. ಅದರಲ್ಲಿ ಅವನು ಬಸ್ಸು ಹತ್ತಿ ಅಕ್ಕನ ಮನೆಗೇ ಹೋಗುತ್ತಿದ್ದ. "ನಾನು ಹೋದ್ರೆ ಬೆಳಿಗ್ಗೆ ನೀರು ಬಿಡೋರು ಯಾರು, ನೀವಾ?" ಅಂತ ಕೇಳಿದ. ವಾಲ್ವನ್ನು ಎಡಕ್ಕೆ ತಿರುಗಿಸಬೇಕೋ ಬಲಕ್ಕೋ ನನಗೆ ಗೊತ್ತಿಲ್ಲ.)

ಕೊನೆಗೆ ಕೇಬಲ್‌ನವನು ಹೇಳಿದ: "ಫೈಬರ್ ಕೇಬಲ್ಲು ಗುಡ್ಡದ ತಿರುವಿನ ತನಕ ಬಂದಿದೆ ಅಣ್ಣ. ಅಲ್ಲಿಂದ ಮೇಲಕ್ಕೆ ಕಂಬ ಇಲ್ಲ. ಒಂದ್ಮನೆಗೋಸ್ಕರ ಯಾರು ಕಂಬ ಹಾಕ್ತಾರೆ?"

ವಾಲ್ವಣ್ಣ ಹಾಕಿದ. ಷೆಡ್ಡಿನ ಹಿಂದೆ ಬಿದ್ದಿದ್ದ ತುಕ್ಕು ಹಿಡಿದ ಪೈಪುಗಳನ್ನು ಹೊತ್ತು, ಹನ್ನೊಂದು ಗುಂಡಿ ತೋಡಿ, ಹನ್ನೊಂದು ಕಂಬ ನಿಲ್ಲಿಸಿದ. ತಿಂಗಳು ಹಿಡಿಯಿತು. ಅವನ ಮಂಡಿನೋವು ನನಗೆ ನೆನಪಿದೆ.

೬
ಭಾನುವಾರ ಮಧ್ಯಾಹ್ನ ರೂಟರಿನ ಹಸಿರು ದೀಪ ಹತ್ತಿತು. ಅಕ್ಕ ಬಂದಳು, ಗಲ್ಲದ ಮಚ್ಚೆಯೂ ಕಾಣುವಷ್ಟು ಸ್ಪಷ್ಟವಾಗಿ. ಚಿತ್ರ ಎಲ್ಲೂ ತಡೆಯುತ್ತಿಲ್ಲ ಅಂತ ಗೊತ್ತಾಗಿದ್ದೇ ತಡ, ಅವಳ ಹತ್ತೂ ಬೆರಳು ಹೊರಟವು. ಐದು ವರ್ಷ ಕೂಡಿಟ್ಟ ಮಾತು. ನಕ್ಕಳು, ಎದೆ ಮುಟ್ಟಿಕೊಂಡಳು, ಗಾಳಿಯಲ್ಲಿ ಏನನ್ನೋ ಮಡಚಿದಳು, ಮತ್ತೆ ನಕ್ಕಳು.

ತಮ್ಮನಿಗೆ ಒಂದೂ ತಿಳಿಯಲಿಲ್ಲ.

ಬೇರೆ ಯಾರೊಂದಿಗೂ ಆಡದ ಭಾಷೆ, ಮರೆತುಹೋಗಿತ್ತು. ಇಷ್ಟು ದಿನ ನೆಟ್ಟಿನ ಮೇಲೆ ಗೂಬೆ ಕೂರಿಸುತ್ತಿದ್ದ, ಇನ್ನು ಯಾರ ಮೇಲೆ ಕೂರಿಸುವುದು? ಗುಡ್ಡದ ಮೇಲೆ ಇಷ್ಟು ವರ್ಷ ಒಬ್ಬನೇ ಇದ್ದವನಿಗೆ ಆ ಮಧ್ಯಾಹ್ನದಷ್ಟು ಒಂಟಿತನ ಎಂದೂ ಅನ್ನಿಸಿರಲಿಲ್ಲ. ನಿಧಾನಕ್ಕೆ ಎರಡು ಕೈ ಎತ್ತಿ, ಮುಷ್ಟಿಯ ಮೇಲೆ ಮುಷ್ಟಿ ಇಟ್ಟ. ನೆಟ್ ಹೋಯಿತು ಅಂತ.

೭
ಇಲ್ಲಿಗೆ ನನ್ನ ಹತ್ತಿರ ಮೂರು ಕೊನೆಗಳಿವೆ. ಒಂದರಲ್ಲಿ ಅಕ್ಕ ಆ ಸುಳ್ಳನ್ನು ನಂಬುತ್ತಾಳೆ. ಇನ್ನೊಂದರಲ್ಲಿ ನಂಬುವುದಿಲ್ಲ, ಯಾಕೆಂದರೆ ತಮ್ಮನ ಹಿಂದೆ ಪಂಪಿನ ಮೀಟರಿನ ಮುಳ್ಳು ಅಲುಗಾಡುತ್ತಿರುವುದು ಅವಳಿಗೂ ಕಾಣುತ್ತಿದೆ. ಮೂರನೆಯದು ನಿಮಗೆ ಬೇಕಾದದ್ದು. ಅದನ್ನು ಬರೆಯಲು ನನಗೆ ಧೈರ್ಯ ಇಲ್ಲ.

"ಅಕ್ಕ ಏನಂದ್ರು?" ಅಂತ ಅವನನ್ನೇ ಕೇಳಿದೆ.

"ಗೊತ್ತಿಲ್ಲ ಸಾರ್."

"ಏನಾದ್ರೂ ಒಂದು ಬರೀಲಾ?"

"ಬೇಡ. ಅವಳ ಮಾತನ್ನ ನೀವು ಬರೀಬೇಡಿ. ನಾನೇ ಕೇಳಿ ತಿಳ್ಕೋತೀನಿ."

ಬರೆಯುವುದನ್ನು ನಿಲ್ಲಿಸಿದ್ದೇನೆ. ಅಕ್ಕ ಮೊದಲ ಸನ್ನೆಗೆ ಹಿಂತಿರುಗಿ, ಅಂಗೈಯನ್ನು ಎದೆಯ ಮುಂದೆ ಎತ್ತಿ ಹಾಗೇ ಹಿಡಿದಿದ್ದಾಳೆ. ವಾಲ್ವಣ್ಣ ಕನ್ನಡಕ ಒರೆಸಿಕೊಂಡು ಮುಂದಕ್ಕೆ ಬಾಗಿದ್ದಾನೆ. ಅವಳ ಕೈ ಕೆಳಗಿಳಿಯುತ್ತಿಲ್ಲ. ಹಿಂದೆ ಫ್ಯಾನ್ ತಿರುಗುತ್ತಿದೆ.