ಹನ್ನೆರಡೆಕರೆ ಹೊಲದಲ್ಲಿ ಮೂರು ಯಂತ್ರಗಳು

ಸಿರಿಲ್ ಗ್ಯಾದರ್‌ಕೋಲ್ ತನ್ನ ಲೋಹಶೋಧಕ ಯಂತ್ರವನ್ನು ಕಾರಿನ ಹಿಂಬದಿಯಿಂದ ಇಳಿಸುವಾಗ, ಕಾಯಿಲೆ ಬಿದ್ದ ಮುದಿನಾಯಿಯನ್ನು ವೈದ್ಯರ ಬಳಿಗೆ ಕರೆತಂದವನಂತೆ ಕಾಣುತ್ತಿದ್ದ. ಎರಡು ಹಂಗಾಮುಗಳಿಂದ ಆ ಯಂತ್ರ ಅವನಿಗೆ ಬೆಳ್ಳಿಯ ಒಂದು ಚೂರನ್ನೂ ತೋರಿಸಿರಲಿಲ್ಲ. ತುಕ್ಕು ಹಿಡಿದ ಮೊಳೆ, ಟ್ರಾಕ್ಟರಿನ ನಟ್ಟು, ಲಾಳದ ತುಂಡು ಇವಕ್ಕೆ ಕೊರತೆ ಇರಲಿಲ್ಲ. ನಾಣ್ಯ ಮಾತ್ರ ಇಲ್ಲ. ಇಂಗ್ಲೆಂಡಿನ ನಾರ್ಫಕ್‌ನ ನಮ್ಮ ಈ ಸೀಮೆಯಲ್ಲಿ, ರೋಮನರ ಕಾಲದಿಂದ ಜನ ಜೇಬು ತೂತಾಗಿ ನಡೆದಾಡಿದ ಮಣ್ಣಿನಲ್ಲಿ, ಸಿರಿಲ್‌ನಂಥವನು ಎರಡು ಹಂಗಾಮು ಬರಿಗೈಯಲ್ಲಿ ಮನೆಗೆ ಹೋದನೆಂದರೆ ನಮ್ಮ ಲೋಹಶೋಧಕರ ಕ್ಲಬ್ಬಿನಲ್ಲಿ ಯಾರೂ ಅದನ್ನು ಹಗುರವಾಗಿ ಆಡಿಕೊಳ್ಳುತ್ತಿರಲಿಲ್ಲ.

"ಇವತ್ತು ತೀರ್ಮಾನ ಆಗ್ಲಿ ಎಡ್ಗರ್," ಎಂದ ಅವನು ನನಗೆ. "ಹೊಸ ಮಷಿನ್ನಿನ ಮುಂದೆ ಇದು ಸೋತ್ರೆ ಇದನ್ನ ಶೆಡ್ಡಲ್ಲಿ ನೇತು ಹಾಕ್ತೀನಿ, ನಾನೂ ನಿಲ್ಲಿಸ್ತೀನಿ. ಹೊಸದು ತಗೊಂಡು ಮೊದಲಿಂದ ಕಲಿಯೋದು ಈ ವಯಸ್ಸಲ್ಲಿ ನನ್ನ ಕೈಲಾಗಲ್ಲ."

"ಗೆದ್ರೆ?"

"ಗೆದ್ರೆ ಸಾಯೋವರೆಗೂ ಇದರ ಜೊತೆಗೇ ನಡೀತೀನಿ. ಮಾತು ಅಂದ್ರೆ ಮಾತು."

ಅವನ ಮಾತು ಮಾತೇ. ಅದೇ ನನಗೆ ಭಯ. ಭಾನುವಾರದ ಬೆಳಗುಗಳನ್ನು ನಾನು ಅವನೊಡನೆಯಲ್ಲದೆ ಬೇರೆ ಯಾರೊಡನೆಯೂ ಕಳೆದು ಬಹಳ ಕಾಲವಾಗಿತ್ತು. ಇನ್ನು ಹೊಸ ಜೊತೆ ಹುಡುಕುವ ಉತ್ಸಾಹ ನನ್ನಲ್ಲಿ ಉಳಿದಿರಲಿಲ್ಲ.

ಹೋಲಿಕೆಗೆ ಡ್ಯಾಕ್ ಎಂಬ ರೈತನ ಹನ್ನೆರಡೆಕರೆ ಹೊಲವನ್ನು ಆರಿಸಿಕೊಂಡದ್ದಕ್ಕೂ ಸಿರಿಲ್‌ನೇ ಕಾರಣ. 'ಹನ್ನೆರಡೆಕರೆ ಬರಿದಾಗಿದೆ' ಎಂದು ಹಿಂದಿನ ಹಂಗಾಮಿನಲ್ಲೇ ಅವನು ಕ್ಲಬ್ಬಿನ ಸಭೆಯಲ್ಲಿ ಸಾರಿದ್ದ. ಅವನು ಬರಿದು ಎಂದ ಹೊಲಕ್ಕೆ ಮತ್ತೆ ಯಾರೂ ಕಾಲಿಡುವುದಿಲ್ಲ. ಹಾಗೆ ತೆರವಾದ ನೆಲವೇ ಪರೀಕ್ಷೆಗೆ ಸೂಕ್ತ. ನಾವು ಹೂತದ್ದನ್ನು ಬಿಟ್ಟು ಬೇರೇನೂ ಕೂಗಿ ಗೊಂದಲ ಎಬ್ಬಿಸದು. ಬೀಟ್ ಗೆಡ್ಡೆ ಕಿತ್ತು, ಉತ್ತು, ಹರಗಿ ಸಮ ಮಾಡಿದ್ದ ಹೊಲ ಫೆಬ್ರವರಿಯ ತೆಳು ಬಿಸಿಲಿನಲ್ಲಿ ಕಂದು ಕಂಬಳಿಯಂತೆ ಹರಡಿತ್ತು. ಬಾರ್ಲಿ ಬಿತ್ತುವವರೆಗೆ ಅದು ನಮ್ಮದು.

ಮೂರನೆಯವಳು ಟೆಸ್ಸಾ ಥರ್ಟೆಲ್, ನಮ್ಮೂರಿನ ಅಂಚೆಯವಳು. ನಡೆಯುವುದು ಅವಳ ಉದ್ಯೋಗ. ರಜಾದಿನವೂ ಅವಳು ನಡೆಯಲು ಬರುವುದು ನಮಗೆ ಸೋಜಿಗ. ಕಳೆದ ಕ್ರಿಸ್‌ಮಸ್‌ಗೆ ಅವಳು ಕೊಂಡ ಯಂತ್ರ ಕೊಡೆಯಷ್ಟು ಹಗುರ. ಹಿಡಿಕೆಯ ಬಳಿ ಚಿಕ್ಕ ಪರದೆ; ನೆಲದಡಿಯಲ್ಲಿ ಏನಿದೆ ಎಂಬುದನ್ನು ಅದು ಅಂಕಿಯಲ್ಲಿ ಹೇಳುತ್ತಿತ್ತು. ಸಿರಿಲ್‌ನದಕ್ಕೆ ಪರದೆಯಿಲ್ಲ, ಎರಡು ತಿರುಪು ಮಾತ್ರ. ತೂಕವೋ ಕಬ್ಬಿಣದ ಬಾಣಲೆಯದು. ಅದರ ವಿದ್ಯೆಯೆಲ್ಲ ದನಿಯಲ್ಲಿ. ಕಬ್ಬಿಣಕ್ಕೆ ಗೊಗ್ಗರು ಗೊಣಗು, ಕಂಚಿಗೆ ನಡುಗಂಟಲು, ಬೆಳ್ಳಿಗೆ ಮಾತ್ರ ಸೊಳ್ಳೆಯ ಹಾಡಿನಂಥ ಸಣ್ಣ, ಎತ್ತರದ ಸ್ವರ. ನನ್ನ ಯಂತ್ರ ಎರಡರ ನಡುವಿನದು, ಎರಡರ ದೋಷಗಳನ್ನೂ ಹೊತ್ತದ್ದು.

"ಅಂಕಿ ನೋಡ್ಕೊಂಡು ಅಗೆಯೋದಾದ್ರೆ ಮನೇಲಿ ಕೂತು ಲಾಟರಿ ಆಡಬಹುದು," ಎಂದ ಸಿರಿಲ್.

"ಲಾಟರೀಲಾದ್ರೂ ಆಗೊಮ್ಮೆ ಈಗೊಮ್ಮೆ ಏನಾದ್ರೂ ಸಿಗುತ್ತೆ," ಎಂದಳು ಟೆಸ್ಸಾ. "ನಿಮ್ಮ ಚೀಲದಲ್ಲಿ ಮೊಳೆ ಬಿಟ್ಟು ಇನ್ನೇನಿದೆ?"

"ಏನಂತಾಳೆ?" ಎಂದು ಸಿರಿಲ್ ನನ್ನತ್ತ ತಿರುಗಿದ. "ಈ ಹುಡುಗಿ ಯಾವಾಗ್ಲೂ ಬಾಯೊಳಗೇ ಮಾತಾಡ್ತಾಳೆ."

"ನಿನ್ನ ಹೊಗಳ್ತಿದ್ದಾಳೆ," ಎಂದೆ.

ಅವನು ಸುತ್ತಲೂ ಕಣ್ಣಾಡಿಸಿ ನಿಟ್ಟುಸಿರುಬಿಟ್ಟ. "ಈ ವರ್ಷಾನೂ ಬಾನಕ್ಕಿ ಹಾಡೇ ಇಲ್ಲ ನೋಡು. ಔಷಧ ಹೊಡೆದೂ ಹೊಡೆದೂ ಡ್ಯಾಕ್ ಎಲ್ಲಾ ಕೊಂದ."

ಡ್ಯಾಕ್‌ನನ್ನು ಬೈಯುವುದು ಅವನಿಗೆ ಬೆಳಗಿನ ಚಹಾದಷ್ಟೇ ಅಗತ್ಯ. ಹಕ್ಕಿಯ ಕಡೆಗೆ ನನ್ನ ಗಮನವೂ ಇರಲಿಲ್ಲ.

ಟೆಸ್ಸಾ ಹಿಂದಿನ ವಾರವೇ ಬಂದು ಮೂರು ಕಡೆ ಹೂತು, ಕೆಂಪು ಬಟ್ಟೆ ಕಟ್ಟಿದ ಬಿದಿರುಕಡ್ಡಿ ನೆಟ್ಟಿದ್ದಳು. ಮೊದಲನೆಯದು ಕಂಚಿನ ಬಕಲು. ಎರಡನೆಯದು ಮೊಳೆಯ ಪಕ್ಕದಲ್ಲಿ ಕೋಟಿನ ತಾಮ್ರದ ಗುಂಡಿ. ಮೂರನೆಯದು ಗೇಣುದ್ದ ಆಳದಲ್ಲಿ ಅವಳ ಅಜ್ಜನ ಕಾಲದ ಬೆಳ್ಳಿಯ ಶಿಲಿಂಗ್ ನಾಣ್ಯ. "ಮೊನ್ನೆ ಹೂತ ನಾಣ್ಯ ಇನ್ನೂ ಮಣ್ಣಿಗೆ ಒಗ್ಗಿರಲ್ಲ, ಅದರ ಸದ್ದೇ ಬೇರೆ," ಎಂದು ಸಿರಿಲ್ ತಕರಾರು ತೆಗೆದ. ಮೂರೂ ಯಂತ್ರಗಳಿಗೆ ಅದೇ ನಾಣ್ಯವೆಂದು ನಾನು ತಕರಾರನ್ನು ತಳ್ಳಿಹಾಕಿದೆ. ಜೊತೆಗೆ ಒಂದು ನಿಯಮವನ್ನೂ ಹಾಕಿದೆ. ಹೋಲಿಕೆಯೆಂದ ಮೇಲೆ ಯಂತ್ರದ ಮಾತು ಮೂವರಿಗೂ ಕೇಳಬೇಕು. ಆದ್ದರಿಂದ ಯಾರೂ ಹೆಡ್‌ಫೋನ್ ಹಾಕಿಕೊಳ್ಳುವಂತಿಲ್ಲ. ನಮ್ಮ ಹವ್ಯಾಸದಲ್ಲಿ ಇದು ಸಣ್ಣ ಮಾತಲ್ಲ. ಅಕ್ಕಪಕ್ಕದಲ್ಲೇ ದಿನವಿಡೀ ನಡೆದರೂ ಒಬ್ಬನ ಕಿವಿಯಲ್ಲಿ ಏನು ನುಡಿಯಿತೆಂದು ಇನ್ನೊಬ್ಬನಿಗೆ ತಿಳಿಯುವುದಿಲ್ಲ. ತಿಳಿಯಬಾರದೆಂಬುದೇ ಹೆಡ್‌ಫೋನಿನ ಉದ್ದೇಶ.

ಬಕಲಿನ ಮೇಲೆ ಮೂರೂ ಕೂಗಿದವು. ಗುಂಡಿಯ ಮೇಲೆ ನನ್ನದು ತಡವರಿಸಿತು, ಟೆಸ್ಸಾಳದು ಅಂಕಿಯನ್ನು ಕುಣಿಸಿ ಕೊನೆಗೆ ಸರಿಯಾಗಿಯೇ ಹೇಳಿತು. ಸಿರಿಲ್‌ನದು ಮೊದಲ ಬೀಸಿಗೇ ಮೊಳೆಯನ್ನೂ ಗುಂಡಿಯನ್ನೂ ಬೇರೆ ಮಾಡಿತು. "ಕೇಳಿದ್ರಾ?" ಎಂದು ಅವನು ಎದೆಯುಬ್ಬಿಸಿದ. ಆ ಭಾರವನ್ನು ಬೀಸುವಾಗ ಅವನ ಹೆಗಲು ನಡುಗುತ್ತಿದ್ದುದನ್ನು ನಾವಿಬ್ಬರೂ ಕಾಣದವರಂತೆ ಇದ್ದೆವು.

ಮೂರನೆಯ ಕಡ್ಡಿಯ ಬಳಿ ಟೆಸ್ಸಾಳ ಪರದೆ ಬೆಳ್ಳಿಯ ಅಂಕಿಯನ್ನು ಕ್ಷಣದಲ್ಲಿ ತೋರಿಸಿತು. ನನ್ನದು ಸಂಕೋಚದಿಂದ ಒಪ್ಪಿಕೊಂಡಿತು. ಸಿರಿಲ್ ಮುಂದೆ ಬಂದು ಯಂತ್ರದ ತುದಿಯ ದುಂಡು ತಟ್ಟೆಯನ್ನು ನೆಲಕ್ಕೆ ತಾಗುವಂತೆ ಹಿಡಿದು, ನಿಧಾನವಾಗಿ ಎಡಕ್ಕೂ ಬಲಕ್ಕೂ ಬೀಸಿದ.

ಯಂತ್ರ ಹಾಡಿತು. ಸಣ್ಣಗೆ, ಶುದ್ಧವಾಗಿ, ಸಂಶಯಕ್ಕೆ ಎಡೆಯಿಲ್ಲದಂತೆ.

ಸಿರಿಲ್ ಮತ್ತೆ ಬೀಸಿದ. ಅದು ಮತ್ತೆ ಹಾಡಿತು. ಅವನು ತಲೆ ಎತ್ತಿದಾಗ ಅವನ ಮುಖದಲ್ಲಿ ದುಃಖವಿತ್ತು. ದುಃಖದ ಹಿಂದೆ ಹೊರೆ ಇಳಿಸಿದವನ ನೆಮ್ಮದಿಯೂ ಇದ್ದಂತೆ ನನಗೆ ಕಂಡಿತು.

"ನೋಡಿದ್ರಾ? ಇಲ್ಲೇ ಶಿಲಿಂಗ್ ಇದೆ ಅಂತ ನನಗೆ ಗೊತ್ತು. ಕಡ್ಡಿ ಬೇರೆ ಇದೆ. ಆದ್ರೂ ಇದು ಬಾಯಿ ಬಿಡ್ತಿಲ್ಲ." ತಟ್ಟೆ ಶಿಲಿಂಗಿನ ಮೇಲೆ ಓಲಾಡುತ್ತಲೇ ಇತ್ತು, ಯಂತ್ರ ಹಾಡುತ್ತಲೇ ಇತ್ತು. "ಸತ್ತಿದೆ ಕಣಯ್ಯ. ಮುಗೀತು."

ಟೆಸ್ಸಾ ನನ್ನ ಮುಖ ನೋಡಿದಳು. ನಾನು ನೆಲ ನೋಡಿದೆ.

ಅವನು ಬೆನ್ನು ತಿರುಗಿಸಿ, ಯಂತ್ರವನ್ನು ಆರಿಸದೆಯೇ, ಅಭ್ಯಾಸಬಲದಿಂದ ಅದನ್ನು ಬೀಸುತ್ತ ಕಾರಿನತ್ತ ಹೊರಟ. ಕಡ್ಡಿಗಳ ಸಾಲು ದಾಟಿ, ಟೆಸ್ಸಾ ಏನನ್ನೂ ಹೂಳದ ಬಯಲಿನಲ್ಲಿ, ಅದು ಇನ್ನೊಮ್ಮೆ ಅದೇ ಸ್ವರದಲ್ಲಿ ಕೂಗಿತು. ಅವನು ನಿಲ್ಲಲಿಲ್ಲ. ಅವನ ಹಿಂದೆಯೇ ಹೋಗುತ್ತಿದ್ದ ನಾನು ಆ ಜಾಗವನ್ನು ಹಿಮ್ಮಡಿಯಿಂದ ಒತ್ತಿ ಗುರುತು ಮಾಡಿದೆ. ಆಗಲೇ ನೆತ್ತಿಯ ಮೇಲೆ ಬಾನಕ್ಕಿಯೊಂದು ಸಣ್ಣ, ಎತ್ತರದ ಸ್ವರದಲ್ಲಿ ಬಿಡುವಿಲ್ಲದೆ ಹಾಡುತ್ತಿರುವುದು ನನ್ನ ಗಮನಕ್ಕೆ ಬಂತು. ಅದು ಬೆಳಗಿನಿಂದಲೂ ಅಲ್ಲೇ ಇದ್ದಿರಬೇಕು.

ಬದುಕಿಡೀ ಅಗೆಯುವ ಯಂತ್ರದ ಗರ್ಜನೆಯ ಪಕ್ಕದಲ್ಲಿ ಕುಳಿತು, ಈ ಜಿಲ್ಲೆಯ ಹೊಲಗಳಡಿ ನೀರು ಬಸಿಯುವ ಕೊಳವೆ ಹೂತವನು ಸಿರಿಲ್. ಎತ್ತರದ ಸ್ವರಗಳು ಅವನ ಕಿವಿಗೆ ಕೇಳುತ್ತಿಲ್ಲವೆಂದು ನಾವು ಊಹಿಸಬೇಕಿತ್ತು.

ಸುಮ್ಮನಿದ್ದುಬಿಡೋಣವೆಂದು ನನಗನ್ನಿಸಿತು. ತಪ್ಪನ್ನು ಯಂತ್ರದ ಮೇಲೆ ಹೊರಿಸಿ ಗೌರವದಿಂದ ಮನೆಗೆ ಹೋಗಲಿ. ನಾನು ಒಬ್ಬನೇ ನಡೆದರಾಯಿತು. ಆದರೆ ಟೆಸ್ಸಾ ಓಡಿಹೋಗಿ ಅವನ ಎದುರಿಗೆ ನಿಂತಿದ್ದಳು.

"ಸಿರಿಲ್, ಅದು ಕೂಗ್ತು," ಎಂದಳು, ಗಟ್ಟಿಯಾಗಿ, ಬಿಡಿಸಿ ಬಿಡಿಸಿ. "ಶಿಲಿಂಗ್ ಮೇಲೆ. ಚೆನ್ನಾಗೇ ಕೂಗ್ತು."

"ಮುದುಕನ ಹತ್ರ ತಮಾಷೆ ಬೇಡ ಕಣಮ್ಮ."

"ಎಡ್ಗರ್‌ನ ಕೇಳಿ."

ಅವನು ತಿರುಗಿದ. "ಎಡ್ಗರ್?"

"ಕೂಗ್ತು ಕಣೋ," ಎಂದೆ. "ನಮ್ಮಿಬ್ಬರ ಮಷಿನ್ನಿಗಿಂತ ಚೆನ್ನಾಗಿ."

ಅವನು ಯಂತ್ರವನ್ನು ನೋಡಿದ, ನಮ್ಮಿಬ್ಬರನ್ನು ನೋಡಿದ. ಆಮೇಲೆ ಬಕೆಟ್ಟನ್ನು ಬೋರಲು ಹಾಕಿ ಅದರ ಮೇಲೆ ಕುಳಿತ. ನಾನು ಫ್ಲಾಸ್ಕಿನಿಂದ ಚಹಾ ಬಗ್ಗಿಸಿ ಕೊಟ್ಟೆ.

"ಮನೇಲಿ ಮೇವಿಸ್ ದನಿ ಕುಗ್ಗಿದೆ ಅಂದ್ಕೊಂಡಿದ್ದೆ," ಎಂದ, ಹೆಂಡತಿಯನ್ನು ನೆನೆದು. "ವಯಸ್ಸಾಯ್ತಲ್ಲ ಪಾಪ, ಗಟ್ಟಿಯಾಗಿ ಮಾತಾಡೋಕೆ ಆಗಲ್ಲ ಅಂತ."

ಟೆಸ್ಸಾ ತನ್ನ ಯಂತ್ರದ ಗುಂಡಿಗಳನ್ನು ಒತ್ತುತ್ತ ಕುಕ್ಕರುಗಾಲಿನಲ್ಲಿ ಕುಳಿತಳು. ಆ ಯಂತ್ರದಲ್ಲಿ ಪ್ರತಿ ಲೋಹದ ಸ್ವರವನ್ನೂ ಬೇಕಾದಷ್ಟು ಏರಿಸಬಹುದು, ಇಳಿಸಬಹುದು. ಬೆಳ್ಳಿಯನ್ನು ಗೂಳಿಯ ಗಂಟಲಿನಷ್ಟು ಕೆಳಗಿಳಿಸಿ, ಉಳಿದದ್ದನ್ನು ಮೌನವಾಗಿಸಿ, ಅವನ ಕೈಗಿತ್ತಳು. "ಒಂದ್ಸಲ ಬೀಸಿ ನೋಡಿ."

ಅವನು ಬೇಡವೆನ್ನಲಿಲ್ಲ, ಬೇಡವೆನ್ನುವ ಶಕ್ತಿಯೂ ಅವನಿಗಿರಲಿಲ್ಲವೇನೋ. ಶಿಲಿಂಗಿನ ಕಡ್ಡಿಯ ಸುತ್ತ ತಟ್ಟೆ ಆಡಿಸಿದ. ಯಂತ್ರ ಗೊಣಗಿತು. ಸಿರಿಲ್ ಅದನ್ನು ದಾಟಿ ಮುಂದೆ ನಡೆದುಬಿಟ್ಟ.

"ಯಾಕೆ ನಿಲ್ಲಲಿಲ್ಲ?" ಎಂದಳು ಟೆಸ್ಸಾ. "ಕೇಳಿಸ್ಲಿಲ್ವಾ?"

"ಕೇಳಿಸ್ತಲ್ಲ. ಮೊಳೆ."

"ಮೊಳೆ ಅಲ್ಲ, ಅದೇ ಶಿಲಿಂಗು!"

ಅವನು ಹಿಂದಿರುಗಿದ, ಬೀಸಿದ, ಗೊಣಗು ಕೇಳಿದೊಡನೆ ಮತ್ತೆ ಹೆಜ್ಜೆ ಮುಂದಿಟ್ಟ. ಗೊಗ್ಗರು ದನಿಯೆಂದರೆ ಕಬ್ಬಿಣ, ಕಬ್ಬಿಣವೆಂದರೆ ನಿಲ್ಲಬಾರದು. ಇದು ಅವನ ತಲೆಯಲ್ಲಿರಲಿಲ್ಲ, ಕಾಲಿನಲ್ಲಿತ್ತು. ಮತ್ತೊಂದು ಸಲ ಪ್ರಯತ್ನಿಸಿದಾಗ ತನ್ನ ಕಾಲುಗಳನ್ನು ತಾನೇ ಗದರಿಸಿ ನಿಲ್ಲಿಸಿದಂತೆ ನಿಂತ.

"ಬೆಳ್ಳಿಗೆ ಮೊಳೆಯ ಗಂಟಲು ಕೊಟ್ಟಿದೀಯಲ್ಲ ತಾಯಿ," ಎಂದ. "ನನ್ನ ಮೂವತ್ತು ವರ್ಷದ ವಿದ್ಯೆಯೆಲ್ಲ ತಲೆಕೆಳಗಾಯ್ತು."

"ಕಲೀತೀರಿ ಬಿಡಿ."

"ಕಲಿಯೋಕೆ ಆಗಲ್ಲ ಅಂತಲೇ ಅಲ್ವಾ ಬಂದದ್ದು!"

ನಾನು ಅವನ ತೋಳು ಹಿಡಿದು, ಹಿಮ್ಮಡಿಯ ಗುರುತಿನ ಬಳಿಗೆ ಕರೆದೊಯ್ದೆ. ಇಲ್ಲಿ ಟೆಸ್ಸಾ ಏನೂ ಹೂತಿಲ್ಲವೆಂದೂ, ಅವನ ಯಂತ್ರ ಇಲ್ಲಿಯೂ ಹಾಡಿತೆಂದೂ ಹೇಳಿದೆ. ಅವನು ಬೀಸಿದ. ಗೊಣಗು ಕೇಳಿ ನಿಂತ. ಮಂಡಿಯೂರಲು ನನ್ನ ಹೆಗಲು ಹಿಡಿಯಬೇಕಾಯಿತು. ಸಣ್ಣ ಗುದ್ದಲಿಯಿಂದ ಮಣ್ಣಿನ ಹೆಂಟೆಯೊಂದನ್ನು ಎತ್ತಿ ಬೆರಳಿನಲ್ಲಿ ಒಡೆದ. ಉಗುರಿಗಿಂತ ಸ್ವಲ್ಪ ದೊಡ್ಡದಾದ, ಮೀನಿನ ಹುರುಪೆಯಷ್ಟು ತೆಳ್ಳಗಿನ ಬೆಳ್ಳಿಕಾಸು ಅವನ ಅಂಗೈಗೆ ಬಿತ್ತು. ಸುತ್ತಿಗೆಯಿಂದ ಬಡಿದು ನಾಣ್ಯ ಮಾಡುತ್ತಿದ್ದ ಕಾಲದ್ದು. ಶಿಲುಬೆಯ ಒಂದು ತೋಳು ಸ್ಪಷ್ಟವಾಗಿತ್ತು. ರಾಜನ ಮುಖ ಸವೆದಿತ್ತು.

ಟೆಸ್ಸಾ ಚಪ್ಪಾಳೆ ತಟ್ಟಿದಳು. ಸಿರಿಲ್ ಅದನ್ನು ಒಮ್ಮೆ ಮಾತ್ರ ನೋಡಿದ. ಅವನ ಕಣ್ಣು ಹೋದದ್ದು ಹೊಲದ ಮೇಲೆ: ಬೇಲಿಯ ಮೂಲೆಯಿಂದ ಓಕ್ ಮರದವರೆಗೆ, ಅಲ್ಲಿಂದ ಹಳ್ಳದ ಅಂಚಿನವರೆಗೆ, ಎರಡು ಹಂಗಾಮು ತಾನು ಸಾಲು ಹಿಡಿದು ನಡೆದು, ಬರಿದೆಂದು ಸಾರಿದ ಅಷ್ಟೂ ನೆಲದ ಮೇಲೆ.

"ಇದು ಬರಿದಾಗಿರಲೇ ಇಲ್ಲ," ಎಂದ.

"ಇಲ್ಲ."

"ಎಲ್ಲಾ ಮತ್ತೆ ನಡೀಬೇಕು."

"ಯಾರು ನಡೀಬೇಕು ಅಂದ್ರು? ಸಾಕು ಅನ್ನಿಸಿದ್ರೆ ಸಾಕು."

ಅವನು ತಗ್ಗಿದ ದನಿಯಲ್ಲಿ, ಟೆಸ್ಸಾಳಿಗೆ ಕೇಳಿಸದಂತೆ, ನನಗೊಬ್ಬನಿಗೇ ಹೇಳಿದ: "ಇದು ಸೋಲಲಿ ಅಂತಲೇ ಬಂದಿದ್ದೆ ಕಣೋ. ಈ ಹೆಗಲು ಸಾಕಾಗಿದೆ. ಮಷಿನ್ನು ಸತ್ತಿದ್ರೆ ಯಾರಿಗೂ ಏನೂ ಹೇಳ್ದೆ ನಿಲ್ಲಿಸಬಹುದಿತ್ತು. ಆ ದರಿದ್ರದ್ದು ಗೆದ್ದುಬಿಡ್ತಲ್ಲ."

ಅವನು ಅಗೆದ ಗುಂಡಿಗೆ ಮಣ್ಣು ತುಂಬಿದ, ನನ್ನ ಹೆಗಲು ಹಿಡಿದು ಎದ್ದು ನಿಂತು, ನಮ್ಮ ಪದ್ಧತಿಯಂತೆ ಅದನ್ನು ಹಿಮ್ಮಡಿಯಿಂದ ತುಳಿದು ಸಮ ಮಾಡಿದ. ಮೇಲಿನಿಂದ ನೋಡಿದರೆ ಅಲ್ಲಿ ಯಾರೂ ಅಗೆದಿಲ್ಲವೆಂದೇ ತೋರುವಂತೆ, ಎಂದಿನ ಅಚ್ಚುಕಟ್ಟಿನಿಂದ.

"ಡ್ಯಾಕ್ ಯಾವಾಗ ಬಿತ್ತೋದು?" ಎಂದು ಕೇಳಿದ.

"ಮಳೆ ಬರದಿದ್ರೆ ಮುಂದಿನ ವಾರ," ಎಂದಳು ಟೆಸ್ಸಾ.

"ಈ ಆಟಿಕೆ ಸಂಜೆವರೆಗೂ ನನ್ನ ಹತ್ರ ಇದ್ರೆ ನಿನಗೇನೂ ತೊಂದರೆ ಇಲ್ವಾ?"

"ನಿಮ್ಮದನ್ನ ನನಗೆ ಕೊಟ್ರೆ ಇಲ್ಲ."

"ಅದನ್ನ ಬೀಸೋಕೆ ನಿನ್ನ ಕೈಲಾಗಲ್ಲ. ಎಡ್ಗರ್ ಕಾರಿಗೆ ಹೊತ್ಕೊಂಡು ಹೋಗ್ಲಿ. ಅವನಿಗೂ ಒಂದು ಕೆಲಸ ಆಯ್ತು."

ಅವನು ಬೇಲಿಯ ಮೂಲೆಗೆ ಹೋದ. ಹಂಗಾಮಿನ ಮೊದಲ ದಿನ ನಿಲ್ಲುವ ಜಾಗದಲ್ಲಿಯೇ ನಿಂತು, ಓಕ್ ಮರಕ್ಕೆ ದೃಷ್ಟಿ ನೆಟ್ಟು, ಬೀಸುತ್ತ ನಡೆಯತೊಡಗಿದ. ಆಗಾಗ ನಿಲ್ಲುತ್ತಿದ್ದ, ಹೆಜ್ಜೆ ಹಿಂದಿಡುತ್ತಿದ್ದ, ತನ್ನ ಕಾಲುಗಳನ್ನೇ ಬೈಯುತ್ತಿದ್ದ. ಆ ಬೈಗುಳ ಹೊಲದ ಈ ತುದಿಗೂ ಕೇಳುತ್ತಿತ್ತು.

ನಾನು ಅವನ ಹಳೆಯ ಯಂತ್ರವನ್ನು ಎತ್ತಿಕೊಂಡೆ. ಆರಿಸುವ ತಿರುಪು ಎಲ್ಲಿದೆಯೆಂದು ತಿಳಿಯದೆ, ತಟ್ಟೆಯನ್ನು ನೆಲದತ್ತ ಇಳಿಬಿಟ್ಟು ಕಾರಿನ ಕಡೆಗೆ ನಡೆದೆ. ಅರ್ಧ ದಾರಿಯಲ್ಲಿ ಅದು ನನ್ನ ಕೈಯಲ್ಲಿ ಸಣ್ಣಗೆ ಹಾಡಿತು. ಅವನಿನ್ನೂ ಓಕ್ ಮರವನ್ನೇ ಮುಟ್ಟಿರಲಿಲ್ಲ. ಈ ಸಾಲಿಗೆ ಬರಲು ಅವನಿಗೆ ಸಂಜೆಯಾದೀತು. ಕರೆಯಲೆಂದು ಬಾಯಿ ತೆರೆದವನು ಸುಮ್ಮನಾದೆ. ಅಲ್ಲೇ ಇಟ್ಟಿದ್ದ ಟೆಸ್ಸಾಳ ಚೀಲದಿಂದ ಉಳಿದ ಒಂದು ಕಡ್ಡಿ ತೆಗೆದು, ಅದರ ಕೆಂಪು ಬಟ್ಟೆಯನ್ನು ಬಿಚ್ಚಿ ಜೇಬಿಗೆ ಹಾಕಿಕೊಂಡು, ಬರಿಯ ಕಡ್ಡಿಯನ್ನು ಅಲ್ಲಿಂದ ತುಸು ದೂರದಲ್ಲಿ, ಅವನು ತಾನಾಗಿಯೇ ಕಂಡುಕೊಳ್ಳಲು ಎಡೆಯಿರುವಂತೆ, ನೆಟ್ಟೆ.