ಮಾವನವರ ಕೊಂಡಿ

ನಮ್ಮ ಮಾವ ದೊಡ್ಡಬೀರಪ್ಪನವರು ಬಿಟ್ಟುಹೋದದ್ದು ಒಂದು ಸರಪಳಿ. ದೊಡ್ಡಬಳ್ಳಾಪುರದ ಹತ್ತಿರದ ಮಧುರೆಯ ಆ ಮನೆಗೆ ಅಷ್ಟಿಷ್ಟು ಹೊಲವಿತ್ತು, ಕುರಿಗಳಿದ್ದವು. ಆದರೂ ಆಸ್ತಿ ಎಂದರೆ ಮನೆಯವರ ಕಣ್ಣು ಹೋಗುತ್ತಿದ್ದದ್ದು ಮೂಲೆಯ ಸರಪಳಿಯ ಕಡೆಗೇ. ಮೇಲೆ ದಪ್ಪನೆಯ ಕಬ್ಬಿಣದ ಬಳೆ, ಅದರಿಂದ ಇಳಿದ ಎರಡು ಎಳೆ, ಎಳೆಗೊಂದು ಕೊಕ್ಕೆ. ಕಲ್ಲುಗಣಿಯ ಚಪ್ಪಡಿ ಎತ್ತಿದ್ದು ಅದೇ, ಗಿರಣಿಗಳ ಯಂತ್ರ ಇಳಿಸಿದ್ದೂ ಅದೇ. ಮಾವ ತೀರಿಕೊಂಡ ಮೇಲೆ ನಮ್ಮ ಯಜಮಾನರು ಅದನ್ನು ಹೆಗಲಿಗೆ ಹಾಕಿಕೊಂಡು ಅದೇ ಕೆಲಸಕ್ಕೆ ನಿಂತರು. ಅವರ ಹೆಸರು ನನ್ನ ಬಾಯಲ್ಲಿ ಇವತ್ತಿಗೂ ಬರುವುದಿಲ್ಲ. ಅತ್ತೆ ಮಾರಕ್ಕನವರು ಅವರನ್ನು ಪಿಳ್ಳಣ್ಣ ಎಂದು ಕೂಗುತ್ತಿದ್ದರು, ಅಷ್ಟು ಬರೆದರೆ ಸಾಕು.

ಕೆಲಸಕ್ಕೆ ಹೊರಡುವ ಮೊದಲು ಅವರು ಸರಪಳಿಯನ್ನು ಹಿತ್ತಲ ಹುಣಸೆ ಕೊಂಬೆಗೆ ತೂಗುಹಾಕಿ, ಒಂದೊಂದೇ ಕೊಂಡಿಯನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಿದ್ದರು. ಗಟ್ಟಿ ಕೊಂಡಿ ಣಣ್ ಎನ್ನುತ್ತದೆ. ಬಿರುಕು ಬಿಟ್ಟದ್ದು ಒಡಕು ಮಡಕೆಯ ಹಾಗೆ ಮಂಕಾಗಿ ನುಡಿಯುತ್ತದೆ. ಸಂತೆಯಲ್ಲಿ ಮಡಕೆ ತಟ್ಟಿ ತಟ್ಟಿ ಕೊಂಡವಳು ನಾನು. ಆ ಸದ್ದು ಕೇಳುವುದಕ್ಕೆಂದೇ ರಾಗಿ ಕೇರುವ ಮೊರ ಹಿಡಿದು ಅಲ್ಲಿ ಬಂದು ಕೂರುತ್ತಿದ್ದೆ. ತಟ್ಟುತ್ತ ಅವರು ನನಗೂ ಅಷ್ಟಿಷ್ಟು ಹೇಳುತ್ತಿದ್ದರು. ಹಗ್ಗಕ್ಕೆ ಹಾಕಿದ ಹಾಗೆ ಸರಪಳಿಗೆ ಗಂಟು ಹಾಕಬಾರದಂತೆ. ಚೂಪು ಅಂಚು ಬಂದಲ್ಲಿ ಗೋಣಿತಾಟು ಮಡಿಸಿ ಇಡಬೇಕಂತೆ. ಕೊಂಡಿ ಒಂದನ್ನೊಂದು ಉಜ್ಜಿ ಸವೆಯುವ ಒಳಮೈಯನ್ನು ಬೆರಳಾಡಿಸಿ ನೋಡಬೇಕಂತೆ. ಮಾತಿನಲ್ಲಿ ಬಿಗಿ ಮನುಷ್ಯ, ಸರಪಳಿಯ ವಿಷಯಕ್ಕೆ ಬಂದರೆ ಮಾತ್ರ ಬಾಯಿ ತುಂಬ ಮಾತು.

ಬಲಗಡೆಯ ಎಳೆಯಲ್ಲಿ ಒಂದು ಕೊಂಡಿ ಮಾವ ತಮ್ಮ ಕೈಯಾರೆ ಕುಲುಮೆಯಲ್ಲಿ ಬೆಸೆದದ್ದು. ಅವರು ಹೋದಂದಿನಿಂದ ಅತ್ತೆ ಪ್ರತಿ ಶುಕ್ರವಾರ ಆ ಕೊಂಡಿಗೆ ಎಣ್ಣೆ ಸವರಿ, ಅರಿಶಿನ ಕುಂಕುಮ ಇಟ್ಟು, ಸೆರಗು ಹಿಡಿದು ಕೈಮುಗಿಯುತ್ತಿದ್ದರು. ಕುಂಕುಮದ ಮೇಲೆ ಕುಂಕುಮ ಕೂತು ಅದು ಇಟ್ಟಿಗೆಯ ತುಂಡಿನಂತೆ ಕೆಂಪಗೆ ದಪ್ಪಗಾಗಿತ್ತು.

ಅದು ಯುದ್ಧದ ಕಾಲ. ಕಬ್ಬಿಣವೆಲ್ಲ ಯುದ್ಧದ ಪಾಲಾಗಿ, ಹೊಸ ಸರಪಳಿ ಯಾರನ್ನು ಕೇಳಿದರೂ ಸಿಗುತ್ತಿರಲಿಲ್ಲ. ದೊಡ್ಡಬಳ್ಳಾಪುರದಲ್ಲಿ ಅಕ್ಕಿ ಗಿರಣಿ ಇಟ್ಟಿದ್ದ ಗೋಪಾಲಪ್ಪನವರಿಗೆ ರೈಲಿನಲ್ಲಿ ಒಂದು ಬಾಯ್ಲರ್ ಬಂತು. ಆನೆಯ ಮೈಯಂಥದ್ದು. ಅದನ್ನು ಮೂರು ಮರದ ಕಂಬಗಳ ಮುಕ್ಕಾಲಿ ನಿಲ್ಲಿಸಿ ಎತ್ತಿ ಇಟ್ಟಿಗೆ ಕಟ್ಟೆಯ ಮೇಲೆ ಕೂರಿಸುವ ಕೆಲಸ ನಮ್ಮವರದು. ಎತ್ತಿದಾಗ ಅದರ ಕೆಳಗೆ ತೆವಳಿಕೊಂಡು ಹೋಗಿ, ಕಟ್ಟೆಗೆ ಸರಿಯಾಗಿ ಬರುತ್ತಿದೆಯೇ ಎಂದು ನೋಡುವವರೂ ಅವರೇ.

ಹಿಂದಿನ ದಿನ ಬೆಳಗ್ಗೆ ಸರಪಳಿ ಹುಣಸೆಗೆ ಏರಿತು. ಣಣ್, ಣಣ್ ಎಂದು ಒಂದು ಎಳೆ ಮುಗಿಯಿತು. ಬಲಗಡೆಯ ಎಳೆ ನುಡಿಯುತ್ತ ಬಂದು ನಡುವೆ ಒಮ್ಮೆ ಸುಮ್ಮನಾಗಿ ಮತ್ತೆ ನುಡಿಯಿತು. ಮೊರ ಕೆಳಗಿಟ್ಟು ನೋಡಿದೆ. ಅವರು ಕೆಂಪು ಕೊಂಡಿಯನ್ನು ದಾಟಿ ಮುಂದಕ್ಕೆ ಹೋಗಿದ್ದರು.

“ಅದೊಂದನ್ನ ಯಾಕೆ ಬಿಟ್ರಿ?”

“ಅದಕ್ಕೆ ಸುತ್ತಿಗೇಲಿ ಹೊಡೀಲೇನಮ್ಮಿ? ಅದು ಅಪ್ಪ.”

“ನಾಳೆ ಅದರ ಕೆಳಗೆ ಮಲಗೋರು ಯಾರು?”

ಅವರು ಬೀಡಿ ಹಚ್ಚಿ ಅತ್ತ ತಿರುಗಿದರು. ಅವರ ಹೆದರಿಕೆ ನನಗೆ ತಿಳಿಯಿತು. ಕೊಂಡಿ ಮಂಕಾಗಿ ನುಡಿದರೆ ಅದನ್ನು ತೆಗೆಯಬೇಕು, ತೆಗೆದರೆ ಅವ್ವನ ಮುಖ ನೋಡುವುದು ಹೇಗೆ ಎಂಬ ಸಂಕಟ. ಕೆಳಗೆ ತೆವಳುವುದಕ್ಕೆ ಹೆದರದ ಗಂಡಸು ಇದಕ್ಕೆ ಹೆದರಿದ್ದರು.

ನಾನು ವಾದಕ್ಕೆ ನಿಲ್ಲಲಿಲ್ಲ. ಒಳಗೆ ಹೋಗಿ ಅತ್ತೆಯ ಪಕ್ಕ ಕೂತು ಇದ್ದದ್ದನ್ನು ಇದ್ದ ಹಾಗೆ ಹೇಳಿದೆ. ಅವರು ಅವರೆಕಾಯಿ ಬಿಡಿಸುತ್ತಿದ್ದರು. ತಟ್ಟೆ ಖಾಲಿಯಾಗುವವರೆಗೂ ಬಿಡಿಸಿದರು. ನಾನೂ ಜೊತೆಗೆ ಬಿಡಿಸಿದೆ. ಆಮೇಲೆ ಎದ್ದು, ದೇವರ ಪಾತ್ರೆ ಬೆಳಗುವ ಹುಣಸೆಹಣ್ಣನ್ನೂ ಬೂದಿಯನ್ನೂ ತಾವೇ ತಂದು ಕೊಂಡಿಯ ಮುಂದೆ ಕೂತರು. ಇಬ್ಬರೂ ಉಜ್ಜಿದೆವು. ಕೆಂಪು ನೀರು ಮರದ ಬುಡಕ್ಕೆಲ್ಲ ಹರಿಯಿತು. ಕಬ್ಬಿಣ ಕಾಣಿಸಿಕೊಂಡಾಗ, ಬೆಸೆದ ಜಾಗದಲ್ಲಿ ತಲೆಗೂದಲಿನಷ್ಟು ಸಣ್ಣ ಗೆರೆ ಇತ್ತು. ಅತ್ತೆ ಅದರ ಮೇಲೆ ಉಗುರು ಎಳೆದರು. ಉಗುರು ಸಿಕ್ಕಿಕೊಂಡಿತು.

ಮಗನ ಕೈಯಿಂದ ಸುತ್ತಿಗೆ ತೆಗೆದುಕೊಂಡು ಮೊದಲ ಪೆಟ್ಟು ಅವರೇ ಹಾಕಿದರು. ಒಡಕು ಮಡಕೆಯ ಸದ್ದು.

“ಅವ್ವಾ...” ಎಂದು ನಮ್ಮವರು ಏನೋ ಹೇಳಹೋದರು.

“ಸುಮ್ಕಿರು ಪಿಳ್ಳಣ್ಣ. ನಿಮ್ಮಪ್ಪಂಗೆ ಸೊಂಟ ಬಿದ್ಮೇಲೆ ಕಲ್ಲು ಎತ್ತಾಕೆ ಕಳಿಸಿದ್ವಾ? ಜಗಲಿ ಮೇಲೆ ಕೂರ್ಸಿ ಮುದ್ದೆ ಇಕ್ಲಿಲ್ವಾ? ಇದನ್ನೂ ಕೂರ್ಸು.”

ಬಲಗಡೆಯ ಎಳೆಯನ್ನು ಬಿಚ್ಚಿಡುವುದೆಂದಾಯಿತು. ಉಳಿದದ್ದು ಒಂಟಿ ಎಳೆ. ಅದರಿಂದಲೇ ಹೇಗೆ ಎಂದು ನಾನು ಕೇಳಿದ್ದಕ್ಕೆ ನಮ್ಮವರು ಆವತ್ತು ಮೊದಲ ಸಲ ನಕ್ಕರು. ನೀರಿನ ಹಂಡೆಯನ್ನು ಇಬ್ಬರು ಹೆಂಗಸರು ದೂರ ದೂರ ನಿಂತು ಹಿಡಿದರೆ ತೋಳು ಕಿತ್ತುಬರುತ್ತದೆ, ಒಂದು ಕಡೆ ನೆಲಕ್ಕೆ ಊರಿ ಇನ್ನೊಂದು ಕಡೆಯನ್ನಷ್ಟೇ ನೆಟ್ಟಗೆ ಎತ್ತಿದರೆ ಒಬ್ಬಳೇ ಸಾಕಲ್ಲ ಎಂದರು. ಬಾಯ್ಲರನ್ನೂ ಹಾಗೆಯೇ ಒಂದೊಂದು ತುದಿ ಎತ್ತಿ, ಕೆಳಗೆ ರೈಲು ಹಳಿಯಡಿ ಹಾಕುವಂಥ ಮರದ ದಿಮ್ಮಿ ಕೊಟ್ಟು, ಮತ್ತೆ ಇನ್ನೊಂದು ತುದಿ. ನಿಧಾನ, ಆದರೆ ಯಾವಾಗಲೂ ಕೆಳಗೆ ಮರ ಇರುತ್ತದೆ.

ಒಂದು ಬೆಳಗಿನಲ್ಲಿ ಮುಗಿಯಬೇಕಾದದ್ದು ಮರುದಿನದ ಸಂಜೆಗೆ ಎಳೆಯಿತು. ಹೀಗೆ ಎತ್ತಿದರೆ ಸಂಕ್ರಾಂತಿಗೆ ಅಕ್ಕಿ ಆಗುತ್ತದೆಯೇ ಎಂದು ಗೋಪಾಲಪ್ಪನವರು ಗೊಣಗಿದರಂತೆ. ಆ ಎರಡನೆಯ ದಿನ ಅತ್ತೆ ಮಜ್ಜಿಗೆ ಗಡಿಗೆ ಹೊತ್ತು ಹೊರಟರು, ನಾನು ಮುದ್ದೆಯ ಬುತ್ತಿ ಹಿಡಿದು ಹಿಂದೆ ಹೋದೆ. ನಾವು ಮುಟ್ಟುವ ಹೊತ್ತಿಗೆ ಬಾಯ್ಲರ್ ತನ್ನ ಕಟ್ಟೆಯ ಮೇಲೆ ಕೂತಿತ್ತು, ಅದರ ಅಡಿಯಿಂದ ನಮ್ಮವರು ಮೈಯೆಲ್ಲ ಇಟ್ಟಿಗೆ ಪುಡಿಯ ಸುರ್ಕಿ ಮೆತ್ತಿಕೊಂಡು ಹೊರಗೆ ಬರುತ್ತಿದ್ದರು.

ಎಳೆಯಿಂದ ಬಿಡಿಸಿ ತೆಗೆದ ಆ ಕೊಂಡಿ ಆಮೇಲೆ ಜಗಲಿಯಲ್ಲಿ, ಮಾವ ಒರಗಿ ಕೂರುತ್ತಿದ್ದ ಕಂಬದ ಬುಡದಲ್ಲಿ ಉಳಿಯಿತು. ಶುಕ್ರವಾರದ ಕುಂಕುಮ ಅದಕ್ಕೆ ತಪ್ಪಲಿಲ್ಲ. ಆದರೆ ಅತ್ತೆಗೆ ಹೊಸ ಚಾಳಿಯೊಂದು ಅಂಟಿತು, ಕಂಡದ್ದನ್ನೆಲ್ಲ ತಟ್ಟಿ ಕಿವಿಗೊಡುವುದು. ಶುರುವಾದದ್ದು ಆ ಗಿರಣಿಯಲ್ಲೇ. ಮಜ್ಜಿಗೆ ಬಗ್ಗಿಸಿಕೊಟ್ಟವರು, ಕುಡಿಯಲು ಬಾಗಿದ ಮಗನ ಬೆನ್ನಿಗೆ ಗೆಣ್ಣಿನಿಂದ ಎರಡು ಸಲ ತಟ್ಟಿ, ತಲೆ ಓರೆ ಮಾಡಿ ಕೇಳಿ, ನನ್ನ ಕಡೆ ತಿರುಗಿದರು.

“ಇದಿನ್ನೂ ಗಟ್ಟಿ ಐತೆ ಕಣಮ್ಮಿ.”