ಸಾದೊಕ್‌ಗೆ ಕಾಣದ ಗೋಲು

ಟ್ಯುನೀಷಿಯಾದ ಒಂದು ಬಂದರು ಊರು. ಹಡಗಿನಿಂದ ಸರಕು ಇಳಿಸುವಾಗ ಬಿದ್ದು ಸಾದೊಕ್‌ನ ಸೊಂಟದ ಕೆಳಗಿನ ಬಲ ಹೋಗಿ ಒಂಬತ್ತು ವರ್ಷವಾಗಿತ್ತು. ಅಂದಿನಿಂದ ಅವನು ಫುಟ್‌ಬಾಲ್ ಮೈದಾನದ ಕಡೆ ತಲೆ ಹಾಕಿರಲಿಲ್ಲ. ಭಾನುವಾರದ ಪಂದ್ಯದ ಕೂಗು ಮನೆಯವರೆಗೂ ಕೇಳುತ್ತಿತ್ತು. ಅವನು ಕಿಟಕಿ ಮುಚ್ಚಿಸುತ್ತಿದ್ದ.

ಕೊನೆಗೊಂದು ದಿನ ಹೆಂಡತಿ ಝೊಹ್ರಾ, "ಗೋಡೆ ನೋಡ್ಕೊಂಡು ಕೂತಿದ್ದು ಸಾಕು, ನಡೀರಿ" ಎಂದು ಗಾಲಿಕುರ್ಚಿ ತಳ್ಳಿಕೊಂಡು ಹೊರಟೇಬಿಟ್ಟಳು.

ಮೈದಾನದ ಬಾಗಿಲಲ್ಲಿ ಏಳು ಮೆಟ್ಟಿಲು. ನಾಲ್ಕು ಜನ ಬಂದು ಒಂದು ಮಾತೂ ಕೇಳದೆ ಅವನನ್ನು ಕುರ್ಚಿ ಸಮೇತ ಎತ್ತಿದರು. "ಭಾರ ಇದ್ದೀಯಲ್ಲ ಚಿಕ್ಕಪ್ಪ, ಕುಸ್‌ಕುಸ್ ಕಮ್ಮಿ ತಿನ್ನು!" ಎಂದು ಒಬ್ಬ ನಕ್ಕ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ ಮೂಟೆ ಹೊತ್ತು ಬದುಕಿದ್ದ ಸಾದೊಕ್‌ಗೆ ತಾನೇ ಮೂಟೆಯಾದಂತೆನಿಸಿ ತಲೆ ತಗ್ಗಿತು.

ಅವನನ್ನು ಜನರ ಹಿಂದೆ ಕೂರಿಸಿದರು. ಪಕ್ಕದಲ್ಲಿ ಜಾಗವಿಲ್ಲವೆಂದು ಝೊಹ್ರಾಳನ್ನು ಬೇರೆ ಕಡೆ ಕಳಿಸಿದರು. ಶೌಚಾಲಯದ ಬಾಗಿಲು ಕುರ್ಚಿಗಿಂತ ಕಿರಿದು, ಹಾಗಾಗಿ ಬಾಯಾರಿದರೂ ಅವನು ನೀರು ಮುಟ್ಟಲಿಲ್ಲ. ಊರಿನ ತಂಡ ಗೋಲು ಹೊಡೆದಾಗ ಎಲ್ಲರೂ ಎದ್ದು ನಿಂತರು. ಅವನಿಗೆ ಕಂಡದ್ದು ಬರೀ ಬೆನ್ನುಗಳು. "ಯಾರು ಹೊಡೆದಿದ್ದು?" ಎಂದು ಕೂಗಿದ. ಯಾರಿಗೂ ಕೇಳಿಸಲಿಲ್ಲ.

ಮರುದಿನ ವಿಷಯ ತಿಳಿದು ಅಂಗವಿಕಲರ ಸಂಘದ ನಜೆತ್ ಮನೆಗೆ ಬಂದಳು.

"ಮೈದಾನ ಸರಿ ಮಾಡಿಸಿ ಅಂತ ಕ್ಲಬ್ಬಿನವರನ್ನ ಕೇಳೋಣ ಅಣ್ಣ."

"ನನ್ನೊಬ್ಬನಿಗೋಸ್ಕರ ಮೈದಾನ ಒಡೆದು ಕಟ್ತಾರಾ? ಬಿಡಮ್ಮ."

"ನೀವೊಬ್ರೇ ಅಂತ ಯಾರು ಹೇಳಿದ್ರು? ಕಣ್ಣು ಕಾಣದ ಹೇದಿ ರೇಡಿಯೋ ಕಿವಿಗಿಟ್ಕೊಂಡು ಗೇಟಿನ ಹೊರಗೇ ನಿಲ್ತಾನೆ. ನಿಮ್ಮ ಹಾಗೆ ಮನೇಲೇ ಉಳಿದೋರು ಇನ್ನೂ ಹದಿನಾರು ಜನ ಇದ್ದಾರೆ."

"ಭಿಕ್ಷೆ ಕೇಳಿದ ಹಾಗಾಗಲ್ವಾ?"

"ಟಿಕೆಟ್ ತಗೊಂಡೇ ಒಳಗೆ ಹೋದ್ರಿ ತಾನೇ? ಬೆನ್ನು ನೋಡೋಕೆ ಯಾರಾದ್ರೂ ದುಡ್ಡು ಕೊಡ್ತಾರಾ?"

ಇಬ್ಬರೂ ಕ್ಲಬ್ಬಿಗೆ ಹೋದರು. ಕಚೇರಿ ಮಹಡಿಯ ಮೇಲಿತ್ತು. ಕಾರ್ಯದರ್ಶಿಯೇ ಕೆಳಗಿಳಿದು ಬರಬೇಕಾಯಿತು.

"ನಿಮ್ಮಂಥೋರು ಬರೋದೇ ಇಲ್ವಲ್ಲ. ಯಾರಿಗೆ ಅಂತ ಮಾಡಿಸೋದು?"

"ದಾರಿ ಇಲ್ಲ, ಅದಕ್ಕೇ ಬರಲ್ಲ" ಎಂದ ಸಾದೊಕ್. "ನನ್ನ ಊರಿನ ತಂಡ ಸ್ವಾಮಿ. ಒಂಬತ್ತು ವರ್ಷ ಕಿಟಕಿ ಮುಚ್ಕೊಂಡು ಕೂತಿದ್ದೆ."

ಕಾರ್ಯದರ್ಶಿ ಅಳತೆ ಟೇಪು ತರಿಸಿ, ಸಾದೊಕ್‌ನನ್ನೇ ಜೊತೆಗಿಟ್ಟುಕೊಂಡು ಬಾಗಿಲುಗಳನ್ನು ಅಳೆದ.

ಕೆಲಸಕ್ಕೆ ಏಳು ತಿಂಗಳು ಹಿಡಿಯಿತು. ಮೆಟ್ಟಿಲ ಪಕ್ಕದಲ್ಲಿ ಇಳಿಜಾರು ದಾರಿ ಬಂತು. ಮುಂದಿನವರು ಎದ್ದರೂ ಆಟ ಕಾಣುವಷ್ಟು ಎತ್ತರದ ಕಟ್ಟೆ, ಅದರ ಮೇಲೆ ಜೊತೆಗಾರರಿಗೂ ಆಸನ ಬಂದವು. ಶೌಚಾಲಯದ ಬಾಗಿಲು ಅಗಲವಾಯಿತು. ಹೇದಿಯ ಪಕ್ಕ ಕೂತು ಆಟವನ್ನು ವಿವರಿಸಲು ಒಬ್ಬರನ್ನು ನೇಮಿಸಿದರು.

ಮೊದಲ ಪಂದ್ಯದಲ್ಲಿ ಊರಿನ ತಂಡ ಎರಡು ಗೋಲಿನಿಂದ ಸೋತಿತು.

"ಬೇಜಾರಾಯ್ತಾ?" ಎಂದು ಝೊಹ್ರಾ ಕೇಳಿದಳು.

"ಆಗದೆ ಇರುತ್ತಾ? ಎರಡನೇದು ಗೋಲ್‌ಕೀಪರ್ ತಪ್ಪು. ಕಣ್ಣಾರೆ ನೋಡ್ದೆ!" ಎಂದವನೇ ಪಕ್ಕದವನ ಜೊತೆ ಗಂಟಲು ಕಟ್ಟುವವರೆಗೂ ವಾದಕ್ಕಿಳಿದ. ಝೊಹ್ರಾ ತಲೆವಸ್ತ್ರದ ಅಂಚಿನಲ್ಲಿ ಕಣ್ಣೊರೆಸಿಕೊಂಡಳು.

ಬಂಧುಗಳೇ, ನಿಮ್ಮೂರಿನ ಮೈದಾನವನ್ನು ಈ ವಾರವೇ ಒಮ್ಮೆ ಸುತ್ತಿ ನೋಡಿ. ಮನೆಯಲ್ಲೇ ಉಳಿದ ನೆರೆಯವರಿಗೆ ಏನು ಬೇಕೆಂದು ಅವರನ್ನೇ ಕೇಳಿ. ಕೇಳದೆ ಯಾರನ್ನೂ ಎತ್ತಬೇಡಿ, ಅವರ ಮುಂದೆ ಅಡ್ಡ ನಿಲ್ಲಬೇಡಿ. ಅವರು ಕ್ಲಬ್ಬಿನ ಬಾಗಿಲು ತಟ್ಟುವ ದಿನ ನೀವೂ ಜೊತೆಗೆ ಹೋಗಿ.